ಮೇಷ್ಟ್ರ ಗೀಚು, ಗಯಟೆಯ ವಿಮರ್ಶೆ

1827ರ ಸುಮಾರಿಗೆ ಜಿನೀವಾದ ಒಂದು ಹುಡುಗರ ವಸತಿಶಾಲೆಯಲ್ಲಿ ಸಂಜೆ ಹೊತ್ತು ಒಳ್ಳೇ ಮಜಾ ಇರ್ತಿತ್ತು. ಶಾಲೆ ನಡೆಸುತ್ತಿದ್ದ ಮೇಷ್ಟ್ರೇ ಪೆನ್ನು ಹಿಡಿದು ಒಬ್ಬ ಪೆದ್ದ ಪ್ರೇಮಿಯ ಕಥೆಯನ್ನು ಚೌಕ ಚೌಕವಾಗಿ ಬಿಡಿಸುತ್ತಿದ್ದರು. ಆ ಪ್ರೇಮಿ ಪ್ರತಿ ಸಲ ಎಡವಟ್ಟು ಮಾಡಿಕೊಳ್ತಾನೆ, ಎದ್ದು ಅಂಗಿ ಬದಲಾಯಿಸಿ ಮತ್ತೆ ಅವಳ ಹಿಂದೆ ಓಡ್ತಾನೆ. ಪ್ರತಿ ಚಿತ್ರದ ಕೆಳಗೆ ಒಂದೆರಡು ಸಾಲು ಬರಹ, ಅದೂ ಮೇಷ್ಟ್ರದೇ ಕೈಬರಹ. ಸುತ್ತ ನಿಂತ ಹುಡುಗರಿಗೆ ನಗುವೋ ನಗು.

ಈ ಮೇಷ್ಟ್ರ ಹೆಸರು ರೊಡಾಲ್ಫ್ ಟೋಪ್ಫರ್. ಇವತ್ತು ಕಾಮಿಕ್ಸ್ ಚರಿತ್ರೆ ಬರೆಯುವವರಲ್ಲಿ ಹಲವರು ಶುರು ಮಾಡೋದೇ ಇವರಿಂದ. ಆದರೆ ಆ ನೋಟ್‌ಬುಕ್‌ಗಳು ಅಚ್ಚಾಗದೆ ಕಪಾಟಿನಲ್ಲೇ ಉಳಿದುಬಿಡುವ ಸಾಧ್ಯತೆ ತುಂಬಾನೇ ಇತ್ತು. ಅವು ಹೊರಗೆ ಬರಲು ದೊಡ್ಡ ಕಾರಣ ಒಬ್ಬ ಓದುಗ.

ಟೋಪ್ಫರ್ ಹುಟ್ಟಿದ್ದು 1799ರಲ್ಲಿ, ಜಿನೀವಾದಲ್ಲೇ. ತಂದೆ ಹೆಸರಾಂತ ಚಿತ್ರಕಾರ, ವ್ಯಂಗ್ಯಚಿತ್ರಗಳನ್ನೂ ಬರೆದವರು. ಮಗನಿಗೂ ಚಿತ್ರಕಾರನಾಗುವ ಆಸೆಯೇ. ಆದರೆ ಕಣ್ಣಿನ ಕಾಯಿಲೆ ಅಡ್ಡ ಬಂತು. ದೊಡ್ಡ ಕ್ಯಾನ್ವಾಸು, ಸೂಕ್ಷ್ಮ ಬಣ್ಣ, ಗಂಟೆಗಟ್ಟಲೆ ದುಡಿಮೆ ಇವೆಲ್ಲ ಆಗದ ಮಾತಾಯಿತು. ಹಾಗಾಗಿ ಮೇಷ್ಟ್ರಾದರು, ಆಮೇಲೆ ಸ್ವಂತ ವಸತಿಶಾಲೆ ತೆರೆದರು, 1832ರಲ್ಲಿ ಜಿನೀವಾ ಅಕಾಡೆಮಿಯಲ್ಲಿ ಸಾಹಿತ್ಯದ ಪ್ರೊಫೆಸರ್ ಕೂಡ ಆದರು. ಚಿತ್ರದಲ್ಲಿ ಅವರಿಗೆ ಉಳಿದದ್ದು ಪೆನ್ನಿನಿಂದ ಸರಸರ ಎಳೆಯುವ ಗೆರೆ ಮಾತ್ರ. ಆ ಗೆರೆಯೇ ಅವರ ಶೈಲಿಯಾಯಿತು.

ಆದರೂ ಪ್ರಕಟಿಸಲು ಹಿಂಜರಿಕೆ. ಪಾಠ ಹೇಳೋ ಮೇಷ್ಟ್ರು ಇಂಥ ಹುಚ್ಚಾಟದ ಪುಸ್ತಕ ಹೊರತಂದರೆ ಮರ್ಯಾದೆ ಏನಾಗಬೇಕು? ನೋಟ್‌ಬುಕ್‌ಗಳು ಗೆಳೆಯರ ನಡುವೆ ಕೈಯಿಂದ ಕೈಗೆ ಓಡಾಡಿಕೊಂಡಿದ್ದವು, ಅಷ್ಟೆ.

ಆ ಗೆಳೆಯರಲ್ಲಿ ಫ್ರೆಡೆರಿಕ್ ಸೊರೆ ಎಂಬ ವಿಜ್ಞಾನಿ ಒಬ್ಬರು. ಜರ್ಮನಿಯ ವೈಮಾರ್ ಅರಮನೆಯಲ್ಲಿ ರಾಜಕುಮಾರನಿಗೆ ಪಾಠ ಹೇಳುತ್ತಿದ್ದರು. ಅವರ ಮೂಲಕ ಟೋಪ್ಫರ್ ಅವರ ಚಿತ್ರಕಥೆಗಳು ಅದೇ ಊರಿನಲ್ಲಿದ್ದ ಮಹಾಕವಿ ಗಯಟೆಯ ಮೇಜು ತಲುಪಿದವು. 1831ರ ಆರಂಭದಲ್ಲಿ ಗಯಟೆಗೆ 81 ವರ್ಷ. ವ್ಯಂಗ್ಯಚಿತ್ರ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಆದರೂ ಈ ಪುಟಗಳನ್ನು ಒಂದೇ ಉಸಿರಿಗೆ ತಿರುವಿ ಹಾಕಲಿಲ್ಲ. ಸ್ವಲ್ಪ ಸ್ವಲ್ಪವೇ ನೋಡಿ, ನಡುವೆ ಬಿಡುವು ಕೊಟ್ಟು ಮುಂದುವರಿದರು. ಒಂದೇ ಸಲಕ್ಕೆ ಇಷ್ಟೊಂದು ಕಲ್ಪನೆ ಜೀರ್ಣವಾಗೋದು ಕಷ್ಟ ಅನ್ನೋದು ಅವರ ಭಾವನೆ.

ಅವರು ಬರೀ ಹೊಗಳಿ ಬಿಡಲಿಲ್ಲ. ಪ್ರತಿಭೆ ಎದ್ದು ಕಾಣುತ್ತದೆ ಎಂದರು. ಜೊತೆಗೆ, ಇಷ್ಟು ಹಗುರವಲ್ಲದ ವಿಷಯ ಆರಿಸಿಕೊಂಡು ಇನ್ನಷ್ಟು ಹಿಡಿತದಿಂದ ಬರೆದರೆ ಈತ ಎಲ್ಲಿಗೋ ಮುಟ್ಟಬಲ್ಲ ಎಂದೂ ಹೇಳಿದರು. ಮಾರ್ಚ್ 1832ರಲ್ಲಿ ಗಯಟೆ ತೀರಿಕೊಂಡರು. ಅದೇ ವರ್ಷ ಅವರ ಕಲಾಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ ಈ ಚಿತ್ರಕಥೆಗಳ ಬಗ್ಗೆ ಬರಹ ಬಂತು. ಯೋಚನೆ ಮಾಡಿ: ಅಚ್ಚೇ ಆಗಿರದ ಕಾಮಿಕ್ಸ್‌ಗೆ ವಿಮರ್ಶೆ!

ಮೇಷ್ಟ್ರಿಗೆ ಧೈರ್ಯ ಬಂತು. 1833ರಲ್ಲಿ ದೊಡ್ಡವರ ಸಾಲಿಗೆ ಸೇರಲು ಒದ್ದಾಡುವ ಮಿಸ್ಟರ್ ಜಾಬೋನ ಕಥೆಯನ್ನು ಅಚ್ಚು ಹಾಕಿಸಿದರು, 1835ರಲ್ಲಿ ಓದುಗರ ಕೈಗೆ ಕೊಟ್ಟರು. ಇಲ್ಲಿ ನಮ್ಮಂಥ ಇಂಜಿನಿಯರಿಂಗ್‌ನವರಿಗೆ ಇಷ್ಟವಾಗುವ ಸಂಗತಿ ಒಂದಿದೆ. ಕಲ್ಲಚ್ಚಿನಲ್ಲಿ ನೇರವಾಗಿ ಕಲ್ಲಿನ ಮೇಲೆ ಬರೆದರೆ ಅಚ್ಚಾದಾಗ ಎಲ್ಲಾ ತಿರುಗುಮುರುಗು; ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಬರೆಯಬೇಕು. ಟೋಪ್ಫರ್ ಆರಿಸಿಕೊಂಡದ್ದು ಆಟೋಗ್ರಫಿ ಎಂಬ ವಿಧಾನ. ಹದಮಾಡಿದ ಕಾಗದದ ಮೇಲೆ ಜಿಡ್ಡಿನ ಮಸಿಯಿಂದ ನೇರವಾಗಿ ಬರೆಯೋದು, ಅದನ್ನು ಕಲ್ಲಿನ ಮೇಲೆ ಒತ್ತೋದು. ಕಲ್ಲಿಗೆ ಇಳಿದಾಗ ಒಮ್ಮೆ ತಿರುಗಿದ್ದು, ಅಚ್ಚಿನಲ್ಲಿ ಇನ್ನೊಮ್ಮೆ ತಿರುಗಿ ಸರಿಯಾಗುತ್ತದೆ. ಕೆತ್ತುವವನು ಬೇಡ, ಮೊಳೆ ಜೋಡಿಸುವವನೂ ಬೇಡ. ಚಿತ್ರ, ಅಕ್ಷರ ಎರಡೂ ಒಂದೇ ಕೈಯವು. ಖರ್ಚು ಕಡಿಮೆ, ಗೆರೆಯ ಚುರುಕು ಹಾಗೇ ಉಳೀತು.

1837ರಲ್ಲಿ ಜಿನೀವಾದ ಒಂದು ಪತ್ರಿಕೆಯಲ್ಲಿ ಜಾಬೋ ಬಗ್ಗೆ ಒಂದು ಟಿಪ್ಪಣಿ ಬಂತು. ಬರೆದದ್ದು ಸ್ವತಃ ಟೋಪ್ಫರ್. ಸ್ವಂತ ಪುಸ್ತಕದ ಡಂಗುರ ಅಂದುಕೊಳ್ಳಬೇಡಿ. ಚಿತ್ರ ತೆಗೆದರೆ ಬರಹಕ್ಕೆ ಅರ್ಥವಿಲ್ಲ, ಬರಹ ತೆಗೆದರೆ ಚಿತ್ರ ಮಸುಕು, ಎರಡೂ ಕೂಡಿದಾಗಲೇ ಒಂದು ಬಗೆಯ ಕಾದಂಬರಿ ಆಗುತ್ತದೆ ಅನ್ನೋದು ಅದರ ತಿರುಳು. ಕಾಮಿಕ್ಸ್ ವಿಮರ್ಶೆಗೆ ಅಲ್ಲೇ ಒಂದು ಅಳತೆಗೋಲು ಸಿಕ್ಕಿತು. ಡ್ರಾಯಿಂಗ್ ಸೂಪರ್, ಕಥೆ ಸುಮಾರು ಅಂತ ಬೇರೆ ಬೇರೆ ಮಾರ್ಕ್ಸ್ ಹಾಕಿದರೆ ಸಾಲದು. ಎರಡೂ ಸೇರಿ ಏನು ಮಾಡುತ್ತಿವೆ ಅಂತ ನೋಡಬೇಕು.

ಹೆಸರು ಬಂದ ಮೇಲೆ ಕಳ್ಳರು ಬರದೆ ಇರ್ತಾರಾ? 1839ರಲ್ಲಿ ಪ್ಯಾರಿಸ್‌ನ ಓಬೇರ್ ಪ್ರಕಾಶನ ಅವರ ಪುಸ್ತಕಗಳನ್ನು ನಕಲು ಮಾಡಿ ಮಾರಿತು. ಆ ಪೆದ್ದ ಪ್ರೇಮಿಯ ಕಥೆ ಲಂಡನ್‌ನಲ್ಲಿ ಇಂಗ್ಲಿಷಿಗೆ ತಿರುಗಿ, 1842ರಲ್ಲಿ ನ್ಯೂಯಾರ್ಕ್‌ನ ಪತ್ರಿಕೆಯೊಂದರ ವಿಶೇಷ ಸಂಚಿಕೆಯಾಗಿ ಬಂತು. ಅಮೆರಿಕದ ಮೊದಲ ಕಾಮಿಕ್ ಪುಸ್ತಕ ಅಂತ ಹಲವರು ಕರೆಯೋದು ಅದನ್ನೇ.

1845ರಲ್ಲಿ ಟೋಪ್ಫರ್ ಮುಖಚರ್ಯೆಯ ಬಗ್ಗೆ ಒಂದು ಪ್ರಬಂಧ ಬರೆದು, ಅದನ್ನೂ ಕೈಬರಹದಲ್ಲೇ ಅಚ್ಚು ಹಾಕಿಸಿದರು. ಎಷ್ಟೇ ಸೊಟ್ಟಗೆ ಬಿಡಿಸಿದ ಮುಖಕ್ಕೂ ಒಂದು ಭಾವ ಇದ್ದೇ ಇರುತ್ತದೆ. ಒಂದು ಗೆರೆ ಬದಲಿಸಿ, ಏನಾಗುತ್ತೆ ನೋಡಿ, ಮತ್ತೆ ಬದಲಿಸಿ. ನಮ್ಮ ಲ್ಯಾಬ್‌ನಲ್ಲಿ ಒಂದೊಂದೇ ವೇರಿಯೇಬಲ್ ಬದಲಾಯಿಸಿ ನೋಡೋ ಹಾಗೇ. ಅದೇ ವರ್ಷ ಪ್ಯಾರಿಸ್‌ನ ಒಂದು ಪತ್ರಿಕೆ ಅವರ ಇನ್ನೊಂದು ಕಥೆಯನ್ನು ಮರದಚ್ಚಿನಲ್ಲಿ ಪ್ರಕಟಿಸಿತು. ಆದರೆ ಅಚ್ಚಿಗೆ ಚಿತ್ರಗಳನ್ನು ಮತ್ತೆ ಬರೆದದ್ದು ಬೇರೊಬ್ಬ ಕಲಾವಿದ. ಆ ಹೊತ್ತಿಗೆ ಟೋಪ್ಫರ್ ಆರೋಗ್ಯ ಕೆಟ್ಟಿತ್ತು. 1846ರ ಜೂನ್‌ನಲ್ಲಿ, 47ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ಕ್ಯಾಂಪಸ್ಸಲ್ಲೂ ಲಾಸ್ಟ್ ಬೆಂಚಿನಲ್ಲಿ ಕೂತು ಗೀಚುವವರಿಗೆ ಬರವಿಲ್ಲ. ಯಾರಾದರೂ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಕೈಗಿಟ್ಟರೆ, ಚೆನ್ನಾಗಿದೆ ಮಗಾ ಅಂತ ಹೇಳಿ ವಾಪಸ್ ಕೊಡಬೇಡಿ. ನಿಧಾನವಾಗಿ ಓದಿ. ಎಲ್ಲಿ ನಗು ಬಂತು, ಎಲ್ಲಿ ಕಥೆ ಜಾರಿತು ಅಂತ ಬಿಡಿಸಿ ಹೇಳಿ. 81ರ ಗಯಟೆ ಅದಕ್ಕೆ ಪುರುಸೊತ್ತು ಮಾಡಿಕೊಂಡಿದ್ದರು.