ಪುಸ್ತಕದಂಗಡಿಯ ಹುಡುಗ ಓದಿದ ಈಜಿಪ್ಟ್

ನಾನು ಕಾಲೇಜಿನ ಲೈಬ್ರರಿಗೆ ಹೋಗುವುದು ಇಂಟರ್ನಲ್ಸ್ ಹತ್ತಿರ ಬಂದಾಗ ಮಾತ್ರ. ಹಾಗಾಗಿ ಶಾಂಪೊಲಿಯನ್ ಅವರ ಬಗ್ಗೆ ಓದಿದಾಗ ಸ್ವಲ್ಪ ನಾಚಿಕೆಯೇ ಆಯಿತು.

1790ರಲ್ಲಿ ಫ್ರಾನ್ಸಿನ ಫಿಜಾಕ್ ಊರಿನಲ್ಲಿ ಹುಟ್ಟಿದ ಇವರ ತಂದೆ ಪುಸ್ತಕ ವ್ಯಾಪಾರಿ. ಆದರೆ ಓದಿಸಿ ಬೆಳೆಸಿದ್ದು 12 ವರ್ಷ ದೊಡ್ಡವರಾದ ಅಣ್ಣ ಜಾಕ್ ಜೋಸೆಫ್. ಅಣ್ಣ ಗ್ರೆನೋಬಲ್ ಗ್ರಂಥಾಲಯದಲ್ಲಿ ಗ್ರಂಥಪಾಲಕರು. ಮುಂದೆ ತಮ್ಮನಿಗೂ ಅಲ್ಲೇ ಕೆಲಸ.

ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಆಗ ಯಾರೂ ಇರಲಿಲ್ಲ. ಅಲ್ಲಿನ ಕ್ರೈಸ್ತರ ಕಾಪ್ಟಿಕ್ ಭಾಷೆ ಆ ಹಳೆಯ ನುಡಿಯ ಕೊನೆಯ ರೂಪವೆಂದು ನಂಬಿದ ಶಾಂಪೊಲಿಯನ್ ಅದನ್ನು ಅರೆದು ಕುಡಿದರು. ಮೂರು ಲಿಪಿಗಳಿದ್ದ ರೊಸೆಟ್ಟಾ ಕಲ್ಲು ಲಂಡನ್ನಿನಲ್ಲಿತ್ತು. ಇವರ ಮೇಜಿನ ಮೇಲಿದ್ದದ್ದು ಅದರ ನಕಲು. ಅತ್ತ ಇಂಗ್ಲೆಂಡಿನಲ್ಲಿ ಥಾಮಸ್ ಯಂಗ್ ಕೂಡ ಇದೇ ಲಿಪಿಯ ಬೆನ್ನುಬಿದ್ದಿದ್ದರು. (ನಾವು ಲೆಕ್ಕ ಮಾಡಿ ಸುಸ್ತಾಗುವ ಯಂಗ್ಸ್ ಮಾಡ್ಯುಲಸ್‌ನ ಅದೇ ಯಂಗ್!) 1822ರಲ್ಲಿ ಶಾಂಪೊಲಿಯನ್ ರಾಮ್ಸೆಸ್, ತುತ್ಮೋಸ್ ಎಂಬ ರಾಜರ ಹೆಸರುಗಳನ್ನು ಓದಿಯೇಬಿಟ್ಟರು. ಕೆಲವು ಚಿತ್ರಗಳು ಧ್ವನಿಯನ್ನು, ಕೆಲವು ಅರ್ಥವನ್ನು ಸೂಚಿಸುತ್ತವೆ ಎಂಬ ಗುಟ್ಟು ಬಯಲಾಯಿತು.

ಅಷ್ಟು ಹೊತ್ತಿಗೆ ಅವರು ಈಜಿಪ್ಟನ್ನು ನೋಡಿಯೇ ಇರಲಿಲ್ಲ! ಅಲ್ಲಿಗೆ ಕಾಲಿಟ್ಟಿದ್ದು 1828ರಲ್ಲಿ. 1832ರಲ್ಲಿ, ಕೇವಲ 41ನೇ ವಯಸ್ಸಿನಲ್ಲಿ ತೀರಿಕೊಂಡರು. ಬರೆದಿಟ್ಟಿದ್ದ ಈಜಿಪ್ಟ್ ಭಾಷೆಯ ವ್ಯಾಕರಣ ಇನ್ನೂ ಅಚ್ಚಾಗಿರಲಿಲ್ಲ. 1836ರಿಂದ ಅದನ್ನು ಹೊರತಂದದ್ದು ಅದೇ ಅಣ್ಣ.