ಸರ್ ಜೋಸೆಫ್ ಬಾರ್‌ಕ್ರಾಫ್ಟ್

ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ನಾವು ಒಳಗೆಳೆದುಕೊಂಡ ಗಾಳಿಯಲ್ಲಿನ ಆಮ್ಲಜನಕವು ಶ್ವಾಸಕೋಶದಲ್ಲಿ ರಕ್ತವನ್ನು ಸೇರುತ್ತದೆ. ರಕ್ತದ ಕೆಂಪುಕಣಗಳಲ್ಲಿರುವ ಹೀಮೋಗ್ಲೋಬಿನ್ ಎಂಬ ವಸ್ತು ಅದನ್ನು ಹೊತ್ತು, ಹೃದಯದಿಂದ ಹೊರಡುವ ಅಪಧಮನಿಗಳ ಮೂಲಕ ದೇಹದ ಎಲ್ಲ ಭಾಗಗಳಿಗೂ ಮುಟ್ಟಿಸುತ್ತದೆ. ಆಮ್ಲಜನಕ ತುಂಬಿದ ರಕ್ತ ಹೊಳೆಯುವ ಕೆಂಪು. ಅದು ಕಡಿಮೆಯಾದಾಗ ರಕ್ತದ ಬಣ್ಣ ಕಪ್ಪಿಗೆ ತಿರುಗುತ್ತದೆ. ರೋಗಿಯ ತುಟಿ, ಉಗುರುಗಳು ನೀಲಿಗಟ್ಟಿದರೆ ವೈದ್ಯರು ಕಳವಳಗೊಳ್ಳುವುದು ಇದರಿಂದಲೇ. ಆದರೆ ಕಣ್ಣಿನ ಅಂದಾಜು ಅಳತೆಯಾಗಲಾರದು. ಅಪಧಮನಿಯ ರಕ್ತದಲ್ಲಿ ಆಮ್ಲಜನಕವೆಷ್ಟಿದೆ ಎಂಬುದನ್ನು ಅಳೆದು ತಿಳಿಯುವ ಕಾರ್ಯಕ್ಕೆ ತಮ್ಮ ಬಾಳನ್ನೂ, ಒಮ್ಮೆ ತಮ್ಮ ಕೈಯ ರಕ್ತನಾಳವನ್ನೂ ಒಪ್ಪಿಸಿದವರು ಜೋಸೆಫ್ ಬಾರ್‌ಕ್ರಾಫ್ಟ್.

ಬಾರ್‌ಕ್ರಾಫ್ಟ್ ಅವರು 1872ನೆಯ ಇಸವಿ ಜುಲೈ 26ರಂದು ಐರ್ಲೆಂಡಿನ ನ್ಯೂರಿ ಎಂಬ ಪಟ್ಟಣದಲ್ಲಿ ಜನಿಸಿದರು. ಅವರ ಮನೆತನದವರು ಸರಳ ಜೀವನಕ್ಕೂ ಶಾಂತಿಪ್ರಿಯತೆಗೂ ಹೆಸರಾದ ಕ್ವೇಕರ್ ಪಂಥಕ್ಕೆ ಸೇರಿದವರು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಅವರು ಅಲ್ಲಿಯೇ ಶರೀರಶಾಸ್ತ್ರದ ಸಂಶೋಧನೆಗೆ ತೊಡಗಿದರು.

ಆ ಕಾಲದಲ್ಲಿ ರಕ್ತದಲ್ಲಿನ ಅನಿಲಗಳನ್ನು ಅಳೆಯಲು ಪಾದರಸದ ಪಂಪುಗಳು ಬೇಕಾಗುತ್ತಿದ್ದವು; ಸಾಕಷ್ಟು ರಕ್ತವೂ ಬೇಕಾಗುತ್ತಿತ್ತು. ರಕ್ತಕ್ಕೆ ಪೊಟ್ಯಾಸಿಯಂ ಫೆರಿಸಯನೈಡನ್ನು ಬೆರೆಸಿದರೆ ಹೀಮೋಗ್ಲೋಬಿನ್ ತಾನು ಹೊತ್ತ ಆಮ್ಲಜನಕವನ್ನು ಬಿಟ್ಟುಕೊಡುತ್ತದೆಂದು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಹಿರಿಯ ವಿಜ್ಞಾನಿ ಕಂಡುಕೊಂಡಿದ್ದರು. ಈ ತತ್ತ್ವವನ್ನು ಆಧರಿಸಿ ಹಾಲ್ಡೇನ್ ಮತ್ತು ಬಾರ್‌ಕ್ರಾಫ್ಟ್ ಇಬ್ಬರೂ ಕೂಡಿ, ಒಂದೇ ಘನ ಸೆಂಟಿಮೀಟರ್ ರಕ್ತದಲ್ಲಿ ಅಳತೆ ಮಾಡಬಲ್ಲ ವಿಧಾನವನ್ನು 1902ರಲ್ಲಿ ಪ್ರಕಟಿಸಿದರು.

ಹೀಗೆ ಜೊತೆಗೂಡಿ ದುಡಿದ ಇವರಿಬ್ಬರ ಅಭಿಪ್ರಾಯಗಳು ಒಂದು ಪ್ರಶ್ನೆಯಲ್ಲಿ ಬೇರೆಯಾದವು. ಎತ್ತರದ ಪರ್ವತಗಳ ಮೇಲೆ ಗಾಳಿ ತೆಳುವಾಗಿರುತ್ತದೆ. ಅಲ್ಲಿ ಶ್ವಾಸಕೋಶವು ತನ್ನ ಸ್ವಂತ ಶಕ್ತಿಯಿಂದ ಆಮ್ಲಜನಕವನ್ನು ರಕ್ತದೊಳಕ್ಕೆ ನೂಕುತ್ತದೆ ಎಂಬುದು ಹಾಲ್ಡೇನರ ನಂಬಿಕೆ. ಹಾಗಲ್ಲ, ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಆಮ್ಲಜನಕವು ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ತಾನಾಗಿ ಹರಿಯುತ್ತದೆ ಎಂಬುದು ಬಾರ್‌ಕ್ರಾಫ್ಟರ ನಿಲುವು. ಇದನ್ನು ತೀರ್ಮಾನಿಸಲು ಮಾತಿನಿಂದ ಸಾಧ್ಯವಿರಲಿಲ್ಲ. ಆಮ್ಲಜನಕದ ಕೊರತೆಯಲ್ಲಿರುವ ಮನುಷ್ಯನೊಬ್ಬನ ಅಪಧಮನಿಯಿಂದಲೇ ರಕ್ತವನ್ನು ತೆಗೆದು ಅಳೆಯಬೇಕಾಗಿತ್ತು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಯುದ್ಧವನ್ನು ಒಪ್ಪದ ಪಂಥದಲ್ಲಿ ಬೆಳೆದಿದ್ದರೂ ಬಾರ್‌ಕ್ರಾಫ್ಟ್ ವಿಷಾನಿಲಗಳ ಪರಿಣಾಮವನ್ನು ಕುರಿತ ಸಂಶೋಧನೆಯನ್ನು ಕೈಗೊಂಡರು. ಯುದ್ಧ ಮುಗಿದರೂ ವಿಷಾನಿಲದಿಂದ ಬಳಲಿದ ಸೈನಿಕರ ಸಂಕಟ ಮುಗಿಯಲಿಲ್ಲ. ಅಂಥವರನ್ನು ಆಮ್ಲಜನಕ ಹೆಚ್ಚಾಗಿರುವ ಕೋಣೆಗಳಲ್ಲಿರಿಸಿ ಚಿಕಿತ್ಸೆ ಮಾಡುವ ಪ್ರಯೋಗವನ್ನು ಅವರು ತಮ್ಮ ಸಂಗಡಿಗರೊಡನೆ ನಡೆಸಿದರು.

1920ರಲ್ಲಿ ಬಾರ್‌ಕ್ರಾಫ್ಟ್ ತಾವೇ ಒಂದು ಗಾಜಿನ ಕೋಣೆಯನ್ನು ಹೊಕ್ಕರು. ಈ ಬಾರಿ ಕೋಣೆಯಲ್ಲಿ ಆಮ್ಲಜನಕವನ್ನು ಹೆಚ್ಚಿಸಲಿಲ್ಲ, ಮೆಲ್ಲಮೆಲ್ಲನೆ ಕಡಿಮೆ ಮಾಡಲಾಯಿತು. ಊಟ, ನಿದ್ರೆ ಎಲ್ಲವೂ ಅಲ್ಲಿಯೇ. ಹೀಗೆ ಆರು ದಿನಗಳು ಕಳೆದವು. ಕೊನೆಯ ಹೊತ್ತಿಗೆ ಅವರು ಉಸಿರಾಡುತ್ತಿದ್ದ ಗಾಳಿಯು ಸುಮಾರು 5,000 ಮೀಟರ್ ಎತ್ತರದ ಪರ್ವತದ ಮೇಲಿನ ಗಾಳಿಯಂತಾಗಿತ್ತು. ಆಗ ಅವರ ಮಣಿಕಟ್ಟಿನ ಅಪಧಮನಿಯನ್ನು ಶಸ್ತ್ರದಿಂದ ಬಿಡಿಸಿ ರಕ್ತವನ್ನು ತೆಗೆದರು. ಹೊಳೆಯುವ ಕೆಂಪಾಗಿರಬೇಕಾದ ಆ ರಕ್ತ ಕಪ್ಪಾಗಿ ಕಾಣುತ್ತಿತ್ತು. ವಿಶ್ರಾಂತಿಯಲ್ಲಿದ್ದಾಗಲೂ ದೇಹಶ್ರಮ ಮಾಡಿದಾಗಲೂ ರಕ್ತದಲ್ಲಿನ ಆಮ್ಲಜನಕದ ಒತ್ತಡ ಶ್ವಾಸಕೋಶದ ಗಾಳಿಯಲ್ಲಿದ್ದುದನ್ನು ಮೀರಿರಲಿಲ್ಲ. ಶ್ವಾಸಕೋಶ ಆಮ್ಲಜನಕವನ್ನು ನೂಕುತ್ತಿರಲಿಲ್ಲವೆಂಬುದಕ್ಕೆ ಅವರ ರಕ್ತವೇ ಸಾಕ್ಷಿಯಾಯಿತು.

ಅದೇ ವರ್ಷ ಬಾರ್‌ಕ್ರಾಫ್ಟ್ ದೇಹಕ್ಕೆ ಆಮ್ಲಜನಕ ಸಾಲದಿರುವ ಸ್ಥಿತಿಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಶ್ವಾಸಕೋಶದಲ್ಲಿ ರಕ್ತಕ್ಕೆ ಆಮ್ಲಜನಕ ಸರಿಯಾಗಿ ಸೇರದಿರುವುದು ಒಂದು. ಅದನ್ನು ಹೊರುವ ಹೀಮೋಗ್ಲೋಬಿನ್ ಕಡಿಮೆಯಿರುವುದು ಇನ್ನೊಂದು. ರಕ್ತದ ಹರಿವೇ ಮಂದವಾಗಿರುವುದು ಮತ್ತೊಂದು. ಮೂರರಲ್ಲಿಯೂ ರೋಗಿ ಬಳಲುತ್ತಾನೆ. ಆದರೆ ಮೂರಕ್ಕೂ ಒಂದೇ ಮದ್ದಲ್ಲ. ಅಪಧಮನಿಯ ರಕ್ತವನ್ನು ಅಳೆಯುವುದರಿಂದ ಕೊರತೆಯ ಮೂಲ ಎಲ್ಲಿದೆಯೆಂದು ತಿಳಿಯಲು ವೈದ್ಯರಿಗೆ ದಾರಿಯಾಯಿತು.

ಗಾಜಿನ ಕೋಣೆಯ ಕೃತಕ ಪರ್ವತವಷ್ಟೇ ಅವರಿಗೆ ಸಾಲಲಿಲ್ಲ. 1921-22ರಲ್ಲಿ ಅವರು ಸಂಗಡಿಗರೊಡನೆ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋಗಿ, ಆಂಡೀಸ್ ಪರ್ವತಗಳಲ್ಲಿ 4,300 ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ಸೆರೊ ಡಿ ಪಾಸ್ಕೊ ಎಂಬ ಗಣಿಯ ಊರಿನಲ್ಲಿ ಪ್ರಯೋಗಗಳನ್ನು ನಡೆಸಿದರು. ಅಲ್ಲಿಯೂ ಅಪಧಮನಿಯ ರಕ್ತ ಅದೇ ಉತ್ತರವನ್ನು ಕೊಟ್ಟಿತು. ಆದರೆ ಅಲ್ಲಿ ಅವರು ಒಂದು ತಪ್ಪನ್ನೂ ಮಾಡಿದರು. ಅಂಥ ಎತ್ತರದಲ್ಲಿ ವಾಸಿಸುವವರೆಲ್ಲರ ದೇಹಶಕ್ತಿ, ಮನಶ್ಶಕ್ತಿಗಳು ಕುಂದಿರುತ್ತವೆ ಎಂದು ಅವರು ಬರೆದರು. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ ಇದನ್ನು ಬಲವಾಗಿ ಅಲ್ಲಗಳೆದರು. ತಲೆತಲಾಂತರದಿಂದ ಅಲ್ಲಿ ಬಾಳಿದ ಜನರ ದೇಹ ಆ ಗಾಳಿಗೆ ಹೊಂದಿಕೊಂಡಿದೆಯೆಂದು ತೋರಿಸಿದರು. ಅಳೆದು ಕಂಡ ಮಾತು ಉಳಿಯಿತು. ಅಳತೆಯನ್ನು ಮೀರಿ ಆಡಿದ ಮಾತು ಬಿದ್ದುಹೋಯಿತು.

ಬಾರ್‌ಕ್ರಾಫ್ಟ್ 1925ರಲ್ಲಿ ಕೇಂಬ್ರಿಡ್ಜಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾದರು. 1935ರಲ್ಲಿ ಸರ್ ಪದವಿಯೂ, 1943ರಲ್ಲಿ ರಾಯಲ್ ಸೊಸೈಟಿಯ ಕೋಪ್ಲೆ ಪದಕವೂ ಅವರಿಗೆ ಸಂದವು. ಮುಪ್ಪಿನಲ್ಲಿಯೂ ಅವರ ಕುತೂಹಲ ಕುಗ್ಗಲಿಲ್ಲ. ತಾಯಿಯ ಗರ್ಭದಲ್ಲಿರುವ ಕುರಿಮರಿಗೆ ಆಮ್ಲಜನಕ ದೊರೆಯುವ ಬಗೆಯನ್ನು ಅವರು ಅಭ್ಯಸಿಸಿದರು. 1947ರ ಮಾರ್ಚ್ 21ರಂದು ಕೇಂಬ್ರಿಡ್ಜಿನಲ್ಲಿ ಅವರು ನಿಧನರಾದರು.

ರಕ್ತದ ಆಮ್ಲಜನಕವನ್ನು ಅಳೆಯುವ ಕಾರ್ಯ ಅವರ ತರುವಾಯವೂ ಮುಂದುವರಿಯಿತು. ದೇಹದ ಭಾಗವನ್ನು ಹಾದುಬರುವ ಬೆಳಕಿನಿಂದ, ನಾಡಿಯ ಮಿಡಿತವನ್ನು ಅನುಸರಿಸಿ ಆಮ್ಲಜನಕವನ್ನು ಅಳೆಯುವ ತತ್ತ್ವವನ್ನು ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ಮಂಡಿಸಿದರು. ಆ ಪುಟ್ಟ ಉಪಕರಣವನ್ನು ಇಂದು ರೋಗಿಯ ಬೆರಳಿಗೆ ತೊಡಿಸಿದರೆ, ನೋವಿಲ್ಲದೆ, ಒಂದು ಹನಿ ರಕ್ತವನ್ನೂ ತೆಗೆಯದೆ ಕ್ಷಣದಲ್ಲಿ ಅಂಕಿ ಮೂಡುತ್ತದೆ. ಅದು ಗುರುತಿಸುವುದೂ ರಕ್ತದ ಕೆಂಪು ಕಪ್ಪುಗಳ ವ್ಯತ್ಯಾಸವನ್ನೇ. ಆ ವ್ಯತ್ಯಾಸವನ್ನು ಬಾರ್‌ಕ್ರಾಫ್ಟ್ ಗಾಜಿನ ಕೋಣೆಯಲ್ಲಿ ತಮ್ಮದೇ ರಕ್ತದಲ್ಲಿ ಕಂಡಿದ್ದರು.