ಆಸ್ಪತ್ರೆಯ ಬೋರ್ಡಿನಲ್ಲಿದ್ದ ಹೆಸರು

ನನ್ನ ಮೊದಲ ಸಂಬಳ ಬಂದ ತಿಂಗಳೇ ಅಕ್ಕನ ಹೆರಿಗೆ. ಪದ್ಮನಾಭನಗರದ ನಮ್ಮ ಮನೆ ಹತ್ತಿರವೇ ಒಂದು ನರ್ಸಿಂಗ್ ಹೋಮ್ ಇದೆ, ಖರ್ಚೆಲ್ಲ ನನ್ನದು ಎಂದು ಎದೆಯುಬ್ಬಿಸಿ ಹೇಳಿದೆ. ಅಮ್ಮಿ ಒಪ್ಪಲಿಲ್ಲ. ಶಿವಾಜಿನಗರದ ಗೋಷಾ ಆಸ್ಪತ್ರೆಯೇ ಆಗಬೇಕು ಅಂದರು. ಸಿಟ್ಟು ಬಂತು. ಸರ್ಕಾರಿ ಆಸ್ಪತ್ರೆ ಎಂದು ಆಫೀಸಿನಲ್ಲಿ ಹೇಗೆ ಹೇಳುವುದು? ನಾನು ಹುಟ್ಟಿದ್ದೂ ಅಲ್ಲೇ ಎಂದು ಅಮ್ಮಿ ನೆನಪಿಸಿದಾಗ ಬಾಯಿ ಮುಚ್ಚಿಕೊಂಡೆ.

ಹೆರಿಗೆ ವಾರ್ಡಿನ ಹೊರಗೆ ಗಂಡಸರಿಗೆ ಏನು ಕೆಲಸ? ಸುಮ್ಮನೆ ನಿಂತು ಬೋರ್ಡ್ ಓದಿದೆ: ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆ. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯ ಮಸೀದಿಗೂ ಇದೇ ಹೆಸರು. ಯಾರಿವರು ಎಂಬ ಕುತೂಹಲ ಹುಟ್ಟಿದ್ದು ಆಗಲೇ.

1859ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡ ಇಸ್ಮಾಯಿಲ್ ಸೇಠರು ಕಚ್ಛೀ ಮೆಮನ್ ಸಮುದಾಯದ ವ್ಯಾಪಾರಿ. ಬ್ರಿಟಿಷರ ದಂಡು ಪ್ರದೇಶದಲ್ಲಿ ಅವರ ಇಂಗ್ಲಿಷ್ ವೇರ್‌ಹೌಸ್ ಹೆಸರುವಾಸಿಯಾಗಿತ್ತು. ವ್ಯಾಪಾರ ಬೆಳೆಯಿತು, ಗೌರವವೂ ಬಂತು. ಬ್ರಿಟಿಷರು ಸರ್ ಪದವಿ ಕೊಟ್ಟರು. ಮೈಸೂರು ಮಹಾರಾಜರು ಕೊಟ್ಟದ್ದು ಫಖ್ರುತ್ತುಜ್ಜಾರ್ ಎಂಬ ಬಿರುದು. ಅರ್ಥ, ವರ್ತಕರ ಹೆಮ್ಮೆ. ನಮ್ಮ ಧರ್ಮ ಹೆದರಿಸುವುದು ಈ ಹೆಮ್ಮೆಗೇ ಅಲ್ಲವೇ ಅಂದುಕೊಂಡು ನನಗೆ ನಗು ಬಂತು.

ಕುರ್‌ಆನಿನಲ್ಲಿ ಕಾರೂನನ ಕಥೆ ಬರುತ್ತದೆ. ಮೂಸಾ ಪ್ರವಾದಿಯ ಜನರಲ್ಲೇ ಒಬ್ಬ. ಅವನ ಖಜಾನೆಯ ಬೀಗದ ಕೈಗಳನ್ನು ಹೊರಲು ಗಟ್ಟಿಮುಟ್ಟಾದವರ ಒಂದು ಗುಂಪೇ ಬೇಕಿತ್ತು. ಸಂಪತ್ತೆಲ್ಲ ತನ್ನ ಜಾಣ್ಮೆಯಿಂದಲೇ ಬಂತು ಎಂದು ಬೀಗಿದ. ಮನೆ ಸಮೇತ ಭೂಮಿ ಅವನನ್ನು ನುಂಗಿತು. ತಪ್ಪು ಹಣದ್ದಲ್ಲ, ಕೊಟ್ಟವನನ್ನು ಮರೆತದ್ದು. ಹಾಗಾಗಿಯೇ ಶುಕ್ರ್, ಅಂದರೆ ಕೃತಜ್ಞತೆ, ಬರೀ ನಾಲಿಗೆಯಲ್ಲಿದ್ದರೆ ಸಾಲದು. ಮಿತಿ ಮೀರಿದ ಉಳಿತಾಯ ವರ್ಷ ತುಂಬಿದರೆ ನೂರಕ್ಕೆ ಎರಡೂವರೆ ರೂಪಾಯಿ ಝಕಾತ್ ಕೊಡಲೇಬೇಕು. ಅದು ಬಡವರ ಹಕ್ಕು, ನಮ್ಮ ಔದಾರ್ಯವಲ್ಲ. ಅದಕ್ಕಿಂತ ಹೆಚ್ಚು ಕೊಟ್ಟರೆ ಸದಕಾ. ಬಾವಿ, ಆಸ್ಪತ್ರೆಯಂಥವು ಕೊಟ್ಟವರು ಸತ್ತ ಮೇಲೂ ಪುಣ್ಯ ತರುತ್ತವೆ ಎಂಬುದು ನಂಬಿಕೆ.

ಸೇಠರು ಆರಿಸಿಕೊಂಡ ಕೆಲಸ ನೋಡಿ. ಗೋಷಾ ಎಂದರೆ ಪರದೆ. ಗಂಡಸು ವೈದ್ಯರ ಮುಂದೆ ಬರಲಾಗದೆ ಮನೆಯೊಳಗೇ ನರಳುತ್ತಿದ್ದ ಹೆಂಗಸರಿಗಾಗಿ ಬೇಕಾಗಿದ್ದ ಆಸ್ಪತ್ರೆ ಅದು. ಇಂದು ಎಲ್ಲ ಜಾತಿ, ಧರ್ಮದ ಹೆಂಗಸರೂ ಅಲ್ಲಿಗೆ ಬರುತ್ತಾರೆ. ಅಕ್ಕನ ಪಕ್ಕದ ಮಂಚದಲ್ಲಿದ್ದವರು ಕನಕಪುರ ಕಡೆಯವರು; ಅವರ ತಾಯಿ ನಮಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು.

ಗುಟ್ಟಾಗಿ ಕೊಡುವ ದಾನವೇ ಮೇಲು ಎನ್ನುತ್ತದೆ ಕುರ್‌ಆನ್, ಬಹಿರಂಗವಾಗಿ ಕೊಟ್ಟರೂ ತಪ್ಪಿಲ್ಲ ಎಂದೂ ಹೇಳುತ್ತದೆ. ಬೋರ್ಡಿನ ಮೇಲೆ ಹೆಸರಿರುವುದು ಹೆಮ್ಮೆಯೋ ಅಲ್ಲವೋ ಎಂದು ತೀರ್ಪು ಕೊಡಲು ನಾನ್ಯಾರು? ಗಮನಿಸಿದ್ದು ಇಷ್ಟೇ: ಆ ಹೆಸರಿನಲ್ಲಿ ಸರ್‌ಗಿಂತ ಮುಂದೆ ಹಾಜಿ ಇದೆ. ಹಜ್‌ನಲ್ಲಿ ಸಾಹುಕಾರನೂ ಕೂಲಿಯವನೂ ಉಡುವುದು ಹೊಲಿಗೆಯಿಲ್ಲದ ಅದೇ ಎರಡು ಬಿಳಿ ಬಟ್ಟೆ. ವರ್ತಕರ ಹೆಮ್ಮೆ ಎಂಬ ಬಿರುದು ಆ ಹೆಸರಿನಲ್ಲಿ ಇಲ್ಲ.

ರಾತ್ರಿ ಹೆಣ್ಣು ಮಗು ಹುಟ್ಟಿತು. ಸೋಮವಾರ ಆಫೀಸಿಗೆ ಸಿಹಿ ಒಯ್ದೆ. ಯಾವ ಆಸ್ಪತ್ರೆ ಎಂದು ಕೇಳಿದರು. ಗೋಷಾ ಅಂದೆ. ಎದುರು ಕುರ್ಚಿಯ ಮೇಡಂ ಎರಡನೇ ಪೇಡ ತೆಗೆದುಕೊಳ್ಳುತ್ತಾ, ತಾವೂ ಅಲ್ಲೇ ಹುಟ್ಟಿದ್ದು ಅಂದರು.